ಕತ್ತಿನ ಮೇಲೆ ಬಿದ್ದ ಮಣ್ಣು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದಕ್ಕೇ ಹೋಗುವುದಿಲ್ಲ. ನಾನು ಇಂಡಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವನು. ಹೀಗೆ ಉದ್ದಕ್ಕೆ ಬರೆದು ರೂಢಿಯಿಲ್ಲ. ಆದರೆ ಹೋದ ರವಿವಾರ ಪುಣೆಯ ಕೊಂಢವಾ ಬಡಾವಣೆಯ ನಮ್ಮ ಎರಡು ಖೋಲಿಯ ಮನೆಯಲ್ಲಿ ಕೂಸಿಗೆ ಹೆಸರಿಟ್ಟಾಗಿನಿಂದ ಎದೆ ಒಂದೇ ಸಮನೆ ತುಂಬಿ ಬರುತ್ತಿದೆ. ಹಾಲಿನವನಿಗೆ ಹೇಳಿದೆ, ಇಸ್ತ್ರಿಯವನಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಮನುಷ್ಯನಿಗೂ ಹೇಳಿದೆ. ಮೂಗು ನಮ್ಮವ್ವನದು. ಬಣ್ಣ ಅದರ ತಾಯಿಯದು. ಬೆರಳು ಕೊಟ್ಟರೆ ಹಿಡಿದುಕೊಳ್ಳುತ್ತದೆ, ಬಿಡುವುದೇ ಇಲ್ಲ. "ನೀರಿನ ಪೈಪು ಹಿಡಿಯೋ ಕೈ ನೋಡು ಇದು" ಎಂದರೆ ನನ್ನ ಹೆಂಡತಿ ನೀಲವ್ವ, "ಸುಮ್ನಿರ್ರಿ, ಇನ್ನೂ ಕಣ್ಣು ಬಿಟ್ಟಿಲ್ಲ, ಆಗಲೇ ಡ್ಯೂಟಿಗೆ ಹಚ್ಚಿದ್ರಿ" ಎಂದು ಬೈಯುತ್ತಾಳೆ.

ಹೆಸರಿಡುವುದು ಮಧ್ಯಾಹ್ನಕ್ಕಿತ್ತು. ತೊಟ್ಟಿಲಿಗೆ ಹೂ ಕಟ್ಟಿ ಆಗಿತ್ತು. ಬೀಗರ ಕಡೆಯ ಹೆಂಗಸರು ಬಂದು ಕೂತಿದ್ದರು. ಬರದೆ ಇದ್ದವನು ಕೂಸಿನ ಅಪ್ಪ ಒಬ್ಬನೇ. ನನ್ನ ಮಗ ಮಲ್ಲು ನನ್ನ ಹಾಗೆಯೇ ಬೆಂಕಿ ಆರಿಸುವ ದಳದಲ್ಲಿ ಜವಾನ. ಬೆಳಿಗ್ಗೆ ಪಾಳಿ ಮುಗಿಯುವ ಹೊತ್ತಿಗೆ ಗಂಟೆ ಬಾರಿಸಿತಂತೆ, ಬಂಬಿನಲ್ಲಿ ಹೋಗಿದ್ದ. ಬೆಂಕಿಯ ಗಾಡಿಗೆ ಪುಣೆಯಲ್ಲಿ ಬಂಬ್ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಕೊನೆಗೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳುವ ಮೊದಲೇ ಅವನ ವಾಸನೆ ಬಂತು. ಸುಟ್ಟ ಕಟ್ಟಿಗೆ, ಅದರ ಮೇಲೆ ಬಿದ್ದ ನೀರು, ತೊಯ್ದ ಮಣ್ಣು. ಈ ವಾಸನೆ ಮೂಗಿಗೆ ಬಡಿದರೆ ನಾನು ಎಲ್ಲಿದ್ದರೂ ಅಲ್ಲಿರುವುದಿಲ್ಲ.

ಮಲ್ಲುವಿನ ಕೈಯಲ್ಲಿ ಒಂದು ತೆಂಗಿನಕಾಯಿ ಇತ್ತು. ಬೀಗರು ಅದು ಕೂಸಿಗೆ ತಂದದ್ದು ಎಂದುಕೊಂಡರು. ಅಲ್ಲ ಎಂದು ನನಗೆ ಗೊತ್ತಾಯಿತು. ತೊಟ್ಟಿಲ ಪಕ್ಕ ಶಾಂತಾ ವೈನಿ ಕೂತಿದ್ದರು, ವೈನಿ ಎಂದರೆ ಅತ್ತಿಗೆ, ಅವರಿಗೂ ಗೊತ್ತಾಯಿತು. ಅವರು ಎದ್ದು ಹೋಗಿ ಬಾಗಿಲಲ್ಲಿ ಅಡ್ಡ ನಿಂತು, ಅವನ ಕೈಯಿಂದ ಕಾಯಿ ತೆಗೆದುಕೊಂಡರು.

"ಮೊದಲ ಹೇಳು. ಆಮ್ಯಾಲೆ ಕಾಯಿ, ಆಮ್ಯಾಲೆ ಕೂಸು."

ಬೀಗರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬಾಣಂತಿ ಸೊಸೆ ಒಳಗಿನಿಂದ ಇಣುಕಿದಳು. ಎಪ್ಪತ್ತರ ಹತ್ತಿರದ ವಿಧವೆ ಹೆಂಗಸು, ಈ ಮನೆಗೆ ರಕ್ತಸಂಬಂಧಿಯೂ ಅಲ್ಲ, ಮನೆಯ ಮಗನನ್ನೇ ಹೊಸ್ತಿಲಲ್ಲಿ ನಿಲ್ಲಿಸಿದ್ದಾಳೆ. ಯಾಕೆ ಎಂದು ತಿಳಿಯಬೇಕಾದರೆ ಒಂದು ಮಳೆಗಾಲದ ಮಾತು ಹೇಳಬೇಕು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಪುಣೆಯ ಹಳೆಯ ಪೇಟೆಗಳ ನಡುವೆ ಇದ್ದ ಒಂದು ಬೆಂಕಿ ದಳದ ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಇದ್ದೆವು. ನಮ್ಮ ಗೋಡೆಗೆ ಗೋಡೆ ಹತ್ತಿ ದತ್ತೂನ ಮನೆ. ದತ್ತೂ ನಮ್ಮ ಪಾಳಿಯ ತಾಂಡೇಲ, ಅಂದರೆ ಜವಾನರ ಮೇಲಿನವನು, ಬೆಂಕಿಯ ಜಾಗದಲ್ಲಿ ನಮ್ಮನ್ನು ನಡೆಸುವವನು. ಅಕ್ಕಲಕೋಟೆ ಕಡೆಯವನು, ಹಾಗಾಗಿ ಮರಾಠಿಯಷ್ಟೇ ಸಲೀಸಾಗಿ ಕನ್ನಡ ಆಡುತ್ತಿದ್ದ. ಅವನ ಹೆಂಡತಿ ಶಾಂತಾ ವೈನಿಯೂ ಹಾಗೆಯೇ. ಪರಊರಲ್ಲಿ ನಮ್ಮ ಮಾತು ಆಡುವವರು ಗೋಡೆಯಾಚೆಗೆ ಇದ್ದರೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ನೀಲವ್ವ ರೊಟ್ಟಿ ಬಡಿದ ಸಪ್ಪಳ ಕೇಳಿದರೆ ದತ್ತೂ ಆಚೆಯಿಂದ ಗೋಡೆ ಗುದ್ದುತ್ತಿದ್ದ. "ನೀಲಕ್ಕಾ, ಒಂದು ನನಗೂ ಬಡೀರಿ. ನಮ್ಮಕಿ ಚಪಾತಿ ತಿನಿಸಿ ತಿನಿಸಿ ನನ್ನ ಪೇಶ್ವೆ ಮಾಡ್ಯಾಳ!" ಶಾಂತಾ ವೈನಿಯ ಉತ್ತರ ಬರುತ್ತಿತ್ತು: "ಪೇಶ್ವೆ ಮಾರಿ ನೋಡ್ರಿ. ಮಸಿ ತೊಳದ್ರ ಗುರುತು ಸಿಗೂದಿಲ್ಲ."

ನಮ್ಮ ಸ್ಟೇಷನ್ನಿನಲ್ಲಿ ಒಂದು ಪದ್ಧತಿ ಇತ್ತು. ಯಾರು ಶುರುಮಾಡಿದರೋ ಗೊತ್ತಿಲ್ಲ, ನಾನು ಸೇರುವ ಮೊದಲಿನಿಂದಲೂ ಇತ್ತು. ಬೆಂಕಿಯಲ್ಲೋ ಬಾವಿಯಲ್ಲೋ ಕೂದಲೆಳೆಯಲ್ಲಿ ಬದುಕಿ ಬಂದವನು ಮರುದಿನ ಒಂದು ತೆಂಗಿನಕಾಯಿ ತಂದು ಪಾಳಿ ಬದಲಾಗುವ ಹೊತ್ತಿಗೆ ಬಂಬ್ ನಿಲ್ಲುವ ಕಟ್ಟೆಯ ಮೇಲೆ, ಅದರ ಮುಂದಿನ ಗಾಲಿಯ ಹತ್ತಿರ ಒಡೆಯಬೇಕು. ಎರಡೂ ಪಾಳಿಯವರಿಗೆ ಸಕ್ಕರೆ ಹಾಕಿ ಹಸಿ ಕೊಬ್ಬರಿ ಹಂಚಬೇಕು. ಅಷ್ಟಾದರೆ ಆ ಗಂಡಾಂತರ ಮುಗಿಯಿತು. ಏನಾಗಿತ್ತು, ಹೇಗೆ ಉಳಿದೆ ಎಂದು ಯಾರೂ ಕೇಳಬಾರದು. ಕೇಳಿದರೆ ತಪ್ಪಿಹೋದದ್ದು ದಾರಿ ಹಿಡಿದು ತಿರುಗಿ ಬರುತ್ತದೆ ಎಂದು ನಂಬಿಕೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹೇಳಿದರೆ ಸಾಹೇಬರ ಕಿವಿಗೆ ಬೀಳುತ್ತದೆ. ಬಿದ್ದರೆ ಮೊದಲ ಪ್ರಶ್ನೆ, ತಪ್ಪು ಯಾರದು ಎಂದು. ಅದರ ಹಿಂದೆಯೇ ಮೆಮೊ. ಹೀಗಾಗಿ ದೇವರಿಗೂ ಮೆಮೊಗೂ ಸೇರಿಸಿ ಒಂದೇ ಕಾಯಿ ಒಡೆಯುತ್ತಿದ್ದೆವು.

ಆ ವರ್ಷ ಆಷಾಢದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕ್ವಾರ್ಟರ್ಸಿನ ಗೋಡೆಗಳು ಬೆವರುತ್ತಿದ್ದವು. ನಮ್ಮ ಖಾಕಿ ಬಟ್ಟೆ ಒಲೆಯ ಮೇಲೆ ಹಿಡಿದು ಒಣಗಿಸಬೇಕಾಗಿತ್ತು. ಅಂಥ ಒಂದು ಬೆಳಿಗ್ಗೆ ಇನ್ನೊಂದು ಪಾಳಿಯ ಕಿಸನ್ ಕಾಯಿ ತಂದು ಒಡೆದ. ಕಿಸನ್ ಮಾವಳದ ಕಡೆಯವನು, ಮಾತು ಕಮ್ಮಿ. ಅವನಾಡಿದ್ದು ಮರಾಠಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

ಕೊಬ್ಬರಿ ಬಾಯಿಗೆ ಹಾಕಿಕೊಳ್ಳುತ್ತ ದತ್ತೂ ಕೆಣಕಿದ, "ಏನಪಾ ಕಿಸನ್, ಯಮನ ಕೋಣ ಹಾಯಾಕ ಬಂದಿತ್ತೇನು?"

"ತಿನ್ನು ಸುಮ್ನ" ಎಂದ ಕಿಸನ್. ಹಾಗೆನ್ನುತ್ತ ಅಂಗೈಯಿಂದ ಕತ್ತಿನ ಹಿಂಭಾಗ ಒರೆಸಿಕೊಂಡ. ಒರೆಸಲು ಅಲ್ಲಿ ಏನೂ ಇರಲಿಲ್ಲ. ನನಗೆ ಅದು ನೆನಪಿದೆ. ಆದರೆ ಆಗ ಅದು ನೆನಪಿಡುವ ವಿಷಯ ಎಂದು ಯಾರಿಗೆ ಗೊತ್ತಿತ್ತು. ದತ್ತೂ ಎರಡನೇ ಚೂರು ಎತ್ತಿಕೊಂಡ. ನಾನೂ ತಿಂದೆ. ಸಿಹಿ ಕಾಯಿ ಇತ್ತು.

ಶ್ರಾವಣ ಬಂತು. ಒಂದು ದಿನ ಊಟದ ಹೊತ್ತಿಗೆ ಗಂಟೆ ಬಾರಿಸಿತು. ಪೇಟೆಯೊಳಗೆ ಒಂದು ಹಳೆಯ ವಾಡೆಗೆ ಬೆಂಕಿ. ಪುಣೆಯ ವಾಡೆಗಳನ್ನು ನೋಡಿದವರಿಗೆ ಗೊತ್ತು, ನಡುವೆ ಅಂಗಳ, ಸುತ್ತ ಎರಡು ಮೂರು ಅಂತಸ್ತು, ತೇಗದ ಕಂಬ, ತೇಗದ ತೊಲೆ, ಇಟ್ಟಿಗೆಗೂ ಇಟ್ಟಿಗೆಗೂ ನಡುವೆ ಬರೀ ಮಣ್ಣು. ಕೆಳಗೆ ರದ್ದಿ ಕಾಗದದ ಗೋದಾಮು ಹತ್ತಿಕೊಂಡಿತ್ತು. ಮೇಲೆ ಸಂಸಾರಗಳಿದ್ದವು. ಎಲ್ಲರನ್ನೂ ಇಳಿಸಿದೆವು. ಒಬ್ಬ ಮುದುಕಿ ಅಡುಗೆಮನೆ ಬಿಟ್ಟು ಬರಲೊಲ್ಲೆ ಎಂದು ಹಟ ಹಿಡಿದಾಗ ದತ್ತೂ, "ಆಜಿ, ನಾ ಊಟಾ ಮಾಡಿಲ್ಲ, ಕೆಳಗ ಬಂದು ನನಗೆ ನೀಡ್ರಿ" ಎಂದು ಹೇಳಿ ಬೆನ್ನ ಮೇಲೆ ಹೊತ್ತು ತಂದ. ಯಾರಿಗೂ ಒಂದು ಬೊಬ್ಬೆಯೂ ಏಳಲಿಲ್ಲ. ಬೆಂಕಿ ಆರಿತು. ಕಪ್ಪು ನೀರು ಅಂಗಳದಲ್ಲಿ ಮೊಳಕಾಲ ಕೆಳಗಿನವರೆಗೆ ನಿಂತಿತ್ತು. ನಮ್ಮ ಮನಸ್ಸಿನಲ್ಲಿ ಕೆಲಸ ಮುಗಿದಿತ್ತು. ಬೆಂಕಿ ಆರಿದ ಮೇಲೆ ಜೀವಕ್ಕೆ ಅಪಾಯ ಇಲ್ಲ ಎಂದು ನಾವೆಲ್ಲ ತಿಳಿದ ಕಾಲ ಅದು.

ವಾಡೆಯವರು ಚಹಾ ಮಾಡಿಸಿ ತಂದರು. ದತ್ತೂ ಹಿಂದಿನ ಗೋಡೆಗೆ ಹತ್ತಿ ನಿಂತು ಪೈಪು ಸುತ್ತುತ್ತಿದ್ದ, ನಾನು ಇನ್ನೊಂದು ತುದಿ ಹಿಡಿದಿದ್ದೆ. ಮೇಲಿನಿಂದ ಒಂದಿಷ್ಟು ಮಣ್ಣು ಜರ್ರನೆ ಇಳಿದು ಅವನ ಕತ್ತಿನ ಮೇಲೆ ಬಿತ್ತು. ಸಣ್ಣ ಮಣ್ಣು, ಹಿಟ್ಟು ಜರಡಿ ಹಿಡಿದ ಹಾಗೆ. ಅವನು ಕೈಯಿಂದ ಕೊಡವಿಕೊಂಡ.

"ಪಾರಿವಾಳ ಕೆದರತಾವ ನೋಡು. ಅವಕ್ಕ ಈಗ ಅರಾಮಾತು" ಎಂದ. ಮತ್ತೆ ಬಿತ್ತು. ಮತ್ತೆ ಕೊಡವಿದ. "ಹೋಗು ಬಸಣ್ಣಾ, ನನಗೂ ಒಂದು ಕಪ್ ತಾ. ಸಕ್ಕರಿ ಜಾಸ್ತಿ ಹಾಕಸು, ಮನ್ಯಾಗ ಅಕಿ ಹಾಕೂದಿಲ್ಲ."

ನಾನು ಅಂಗಳ ದಾಟಿ ಹೋದೆ. ಎರಡೂ ಕೈಯಲ್ಲಿ ಕಪ್ಪು ಹಿಡಿದು ತಿರುಗಿದೆ. ಗೋಡೆ ಸಪ್ಪಳ ಮಾಡಿ ಬೀಳುತ್ತದೆ ಎಂದು ನಾನು ತಿಳಿದಿದ್ದೆ. ಅದು ಸಪ್ಪಳ ಮಾಡಲಿಲ್ಲ. ಚೀಲದ ಬಾಯಿ ಬಿಚ್ಚಿ ಜೋಳ ಸುರಿದ ಹಾಗೆ ಇದ್ದಲ್ಲೇ ಕುಸಿಯಿತು. ಸಪ್ಪಳ ಆಮೇಲೆ ಬಂತು, ಧೂಳಿನ ಜೊತೆಗೆ.

ಕೈಯಿಂದ ಅಗೆದೆವು. ಗುದ್ದಲಿ ಹಾಕಲು ಧೈರ್ಯವಾಗಲಿಲ್ಲ, ಎಲ್ಲಿ ಅವನಿಗೇ ತಗಲುತ್ತದೋ ಎಂದು. ತೊಯ್ದ ಮಣ್ಣು ಅಗೆದಷ್ಟೂ ತಿರುಗಿ ತುಂಬಿಕೊಳ್ಳುತ್ತಿತ್ತು. ಉಗುರು ಕಿತ್ತು ಹೋದದ್ದು ಸಂಜೆಗೆ ಗೊತ್ತಾಯಿತು. ಮೊದಲು ಪೈಪು ಸಿಕ್ಕಿತು, ಅದನ್ನು ಹಿಡಿದು ಹೋದರೆ ಅವನ ಕೈ ಸಿಕ್ಕಿತು. ಸುತ್ತಿದ ಪೈಪನ್ನು ಬಿಟ್ಟಿರಲಿಲ್ಲ. ಕೈ ಬೆಚ್ಚಗಿತ್ತು. ಬೆಚ್ಚಗಿದೆ ಎಂದು ನಾನು ಕೂಗಿದೆ, ಎಲ್ಲರೂ ಇನ್ನೂ ಜೋರಾಗಿ ಅಗೆದರು. ಮುಖ ಸಿಗುವ ಹೊತ್ತಿಗೆ ಬಾಯಿ ತುಂಬ ಮಣ್ಣಿತ್ತು. ಆ ಮುದುಕಿ ಹತ್ತಿರ ಬಂದು ತನ್ನ ಸೀರೆಯ ಸೆರಗಿನಿಂದ ಅವನ ಮುಖ ಒರೆಸಿದಳು. ನಾವು ಯಾರೂ ಅವಳನ್ನು ತಡೆಯಲಿಲ್ಲ.

ಕ್ವಾರ್ಟರ್ಸಿನಲ್ಲಿ ಬಂಬ್ ತಿರುಗಿ ಬಂದ ಸಪ್ಪಳ ಕೇಳಿದರೆ ಹೆಂಗಸರು ಏನಾದರೂ ನೆಪ ಮಾಡಿ ಗ್ಯಾಲರಿಗೆ ಬಂದು ನಿಲ್ಲುತ್ತಿದ್ದರು. ತಮ್ಮವನು ಇಳಿದನೋ ಇಲ್ಲವೋ ನೋಡಿಕೊಂಡು ಏನೂ ಆಗದವರ ಹಾಗೆ ಒಳಗೆ ಹೋಗುತ್ತಿದ್ದರು. ಆ ದಿನ ಎಲ್ಲರೂ ಒಳಗೆ ಹೋದರು. ಶಾಂತಾ ವೈನಿ ಹೋಗಲಿಲ್ಲ. ಹಸಿ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಖಾಲಿ ಬಂಬ್ ನೋಡುತ್ತ ನಿಂತಿದ್ದರು. ನಾನು ತಲೆ ಎತ್ತಿ ಮೇಲೆ ನೋಡಬೇಕಾಗಿತ್ತು. ಎತ್ತಲಾಗಲಿಲ್ಲ.

ವಿಚಾರಣೆ ಆಯಿತು. ಮೇಲಿನ ಕಚೇರಿಯಿಂದ ಬಂದವರು ಕೇಳಿದ್ದು ಒಂದೇ, ಗೋಡೆಯ ಬುಡದಲ್ಲಿ ನಿಲ್ಲಲು ಅವನಿಗೆ ಹೇಳಿದವರು ಯಾರು. ಯಾರೂ ಹೇಳಿರಲಿಲ್ಲ. ಹಾಗಾದರೆ ತಪ್ಪು ಅವನದೇ ಎಂದಾಯಿತು. ಸತ್ತವನು ಎದ್ದು ಬಂದು ಜಗಳ ಆಡುತ್ತಾನೆಯೇ? ಅಲ್ಲಿಗೆ ಮುಗಿಯಿತು.

ದತ್ತೂನ ತಿಥಿಕಾರ್ಯ ಮುಗಿದ ಮೇಲೆ ನಾನು ಡ್ಯೂಟಿಗೆ ಹೋದೆ. ಪಾಳಿ ಬದಲಾಗುವ ಹೊತ್ತು. ನೋಡಿದರೆ ನಮ್ಮವರು ನನ್ನ ಹೆಸರಲ್ಲಿ ಕಾಯಿ ತಂದು ಇಟ್ಟಿದ್ದರು. ಚಹಾ ತರಲು ಹೋದದ್ದರಿಂದ ಉಳಿದವನು ನಾನು ತಾನೇ. ಪದ್ಧತಿ ಪದ್ಧತಿಯೇ. ಕಾಯಿ ನನ್ನ ಕೈಗೆ ಕೊಟ್ಟರು. ಸಾಹೇಬರೂ ಬಂದು ನಿಂತರು. ನಮ್ಮ ಸ್ಟೇಷನ್ನಿನ ಸಾಹೇಬರು ಸಿಡುಕ, ಆದರೆ ಕೆಟ್ಟವರಲ್ಲ. ಅಷ್ಟರಲ್ಲಿ ಶಾಂತಾ ವೈನಿ ದತ್ತೂನ ಟ್ರಂಕು ಒಯ್ಯಲು ಬಂದರು. ಎಲ್ಲರೂ ಸರಿದು ದಾರಿ ಕೊಟ್ಟರು. ಅವರು ಟ್ರಂಕಿನ ಕಡೆ ಹೋಗಲಿಲ್ಲ. ನನ್ನ ಕೈ ನೋಡಿದರು.

"ಯಾರದಿದು ಕಾಯಿ?"

ಬೇರೆ ಯಾರೋ ಹೇಳಿದರು, "ಬಸಣ್ಣಂದು, ವೈನಿ. ಉಳಕೊಂಡ್ರಲ್ಲ."

ಅವರು ಹತ್ತಿರ ಬಂದು ಕಾಯಿ ತೆಗೆದುಕೊಂಡರು. ಕಸಿದುಕೊಳ್ಳಲಿಲ್ಲ, ಅಳುವ ಕೂಸನ್ನು ಎತ್ತಿಕೊಳ್ಳುವ ಹಾಗೆ ತೆಗೆದುಕೊಂಡರು.

"ಹೆಂಗ ಉಳದ್ರಿ, ಹೇಳ್ರಿ."

ಆ ಕಟ್ಟೆಯ ಮೇಲೆ ಆ ಪ್ರಶ್ನೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸಾಹೇಬರು ಮೆಲ್ಲಗೆ, "ಹಂಗ ಕೇಳಬಾರದು, ವೈನಿ. ಅಪಶಕುನ" ಎಂದರು.

"ಕೇಳಿದ್ರ ಏನಾಕ್ಕೈತ್ರಿ ಸಾಹೇಬ್ರ? ನನ್ನ ಗಂಡ ಇನ್ನೊಮ್ಮೆ ಸಾಯ್ತಾನೇನು?"

ನಾನು ಹೇಳಿದೆ. ಪೈಪು, ಗೋಡೆ, ಪಾರಿವಾಳದ ಮಾತು, ಚಹಾ, ಸಕ್ಕರೆ ಜಾಸ್ತಿ ಎಂದದ್ದು. ಮೇಲಿನಿಂದ ಜರಡಿ ಹಿಡಿದ ಹಾಗೆ ಮಣ್ಣು ಬಿತ್ತು, ಅವನು ಎರಡು ಸಲ ಕತ್ತು ಕೊಡವಿಕೊಂಡ ಎಂದೆ. ಆಗ ಹಿಂದೆ ಏನೋ ಬಿದ್ದ ಸಪ್ಪಳ. ನೋಡಿದರೆ ಕಿಸನ್ ನೆಲದ ಮೇಲೆ ಕೂತುಬಿಟ್ಟಿದ್ದ. ಕೈ ಕತ್ತಿನ ಮೇಲಿತ್ತು.

"ನನಗೂ ಬಿದ್ದಿತ್ತು" ಎಂದ. "ಆಷಾಢದಾಗ. ಬ್ಯಾರೆ ವಾಡೆ. ಬೆಂಕಿ ಆರಿತ್ತು. ಮಣ್ಣು ಕತ್ತಿನ ಮ್ಯಾಲೆ ಬಿತ್ತು. ಹೆಲ್ಮೆಟ್ ಮರತಿದ್ದೆ ಅಂತ ಆಕಡೆ ಹ್ವಾದೆ, ನಿಂತ ಜಾಗದಾಗ ಗ್ವಾಡಿ ಬಿತ್ತು."

ಶಾಂತಾ ವೈನಿ ಅವನನ್ನು ಶಪಿಸುತ್ತಾರೆ ಎಂದು ಎಲ್ಲರೂ ಕಾದರು. ಅವರು ಸಣ್ಣ ದನಿಯಲ್ಲಿ ಕೇಳಿದರು, "ಅವತ್ತು ಕಾಯಿ ಒಡದ್ಯೇನಪಾ?"

"ಒಡದೆ, ವೈನಿ."

"ಎಲ್ಲಾರೂ ತಿಂದ್ರೇನು?"

"ತಿಂದ್ವಿ."

"ಅವ್ರೂ?"

ಕಿಸನ್ ಅಳುತ್ತಿದ್ದ. ಅವನ ಪರವಾಗಿ ನಾನು ಹೇಳಿದೆ, "ತಿಂದ. ಎರಡು ಚೂರು."

ಅವರು ತಲೆ ಆಡಿಸಿದರು, ಬಜಾರಿನಲ್ಲಿ ದರ ಕೇಳಿ ತಿಳಿದುಕೊಂಡವರ ಹಾಗೆ. ಕಾಯಿಯನ್ನು ನನ್ನ ಕೈಗೆ ತಿರುಗಿ ಕೊಟ್ಟರು. "ಈಗ ಒಡೀರಿ" ಎಂದರು. "ಇನ್ನ ಮ್ಯಾಲೆ ಹೇಳಿ ಒಡೀರಿ. ಹೇಳದ ತಿಂದ ಕೊಬ್ಬರಿ ನನ್ನ ಮನೀ ತಿಂತು." ಟ್ರಂಕು ತೆಗೆದುಕೊಂಡು ಹೋದರು. ಆ ಕಾಯಿ ಒಡೆಯಿತು, ತಿಂದವರು ಯಾರೂ ಇಲ್ಲ.

ಇಲ್ಲಿಂದ ಎಲ್ಲ ಒಳ್ಳೆಯದಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಕಿಸನ್ ಹೇಳಿದ್ದನ್ನು ಮೇಲಿನ ಕಚೇರಿಗೆ ತಿಳಿಸಿದರು. ಎಲ್ಲ ಸ್ಟೇಷನ್ನಿನವರಿಗೂ ಗೊತ್ತಾಗಲಿ ಎಂಬುದು ಅವರ ವಿಚಾರ. ಮೇಲಿನಿಂದ ಬಂದದ್ದು ಕಿಸನ್‌ಗೆ ಮೆಮೊ: ಇದನ್ನು ಆಗಲೇ ಯಾಕೆ ಹೇಳಲಿಲ್ಲ? ಅದರ ಬೆನ್ನಿಗೆ ನದಿಯ ಆಚೆಯ ಇನ್ನೊಂದು ಸ್ಟೇಷನ್ನಿಗೆ ವರ್ಗ. ಮಕ್ಕಳ ಶಾಲೆ ಅರ್ಧಕ್ಕೆ ಬಿಡಿಸಿ, ಮಳೆಯಲ್ಲಿ ಸಾಮಾನು ಟೆಂಪೊಗೆ ಏರಿಸಿ ಅವನು ಹೋದ. ಗ್ಯಾಲರಿಯಲ್ಲಿ ನಿಂತು ಎಲ್ಲರೂ ನೋಡಿದೆವು. ನೋಡಿ ಕಲಿತೆವು ಕೂಡ. ಬಾಯಿ ಬಿಟ್ಟವನ ಗತಿ ಇದು ಎಂದು.

ಅಲ್ಲಿಂದ ಗಣಪತಿ ಬಂದು ಹೋಗುವವರೆಗೆ ನಮ್ಮ ಕಟ್ಟೆಯ ಮೇಲೆ ಒಂದು ಕಾಯಿಯೂ ಒಡೆಯಲಿಲ್ಲ. ಅಪಾಯವೇ ಆಗಲಿಲ್ಲ ಎಂದಲ್ಲ. ಒಬ್ಬ ಸುಟ್ಟ ಅಂಗೈಯನ್ನು ಅಂಗಿಯ ತೋಳಿನೊಳಗೆ ಇಟ್ಟುಕೊಂಡು ತಿರುಗಿದ. ಇನ್ನೊಬ್ಬ ಯಾರಿಗೂ ಹೇಳದೆ ಬೇರೆ ಪೇಟೆಯ ಮಾರುತಿ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದ. ಊಟಕ್ಕೆ ಕೂತಾಗ ಮೊದಲಿನ ನಗೆಚಾಟಿಕೆ ಇಲ್ಲ. ನಾನಂತೂ ಗಂಟೆ ಬಾರಿಸಿದರೆ ಸಾಕು, ಮೊದಲು ಕತ್ತು ಮುಟ್ಟಿಕೊಳ್ಳುತ್ತಿದ್ದೆ. ಆಗ ಮಲ್ಲು ಸಣ್ಣವನು. ನೀಲವ್ವ ಒಂದು ಸಂಜೆ ಅಂದಳು, "ಊರಿಗೆ ಹೋಗೂಣ್ರಿ. ಏನರ ಮಾಡಿ ತಿನ್ನೂಣು. ಆ ಗ್ಯಾಲರ್ಯಾಗ ನಿಂದ್ರಾಕ ನನಗ ಆಗವಲ್ದು." ಗೋಡೆಯಾಚೆ ಶಾಂತಾ ವೈನಿ ಇನ್ನೂ ಇದ್ದರು, ಬೇರೆ ಮನೆ ಸಿಗುವವರೆಗೆ ಇರಲು ಬಿಟ್ಟಿದ್ದರು. ನೀಲವ್ವ ಈಗ ರೊಟ್ಟಿಯನ್ನು ಸಪ್ಪಳವಾಗದಂತೆ ತಟ್ಟುತ್ತಿದ್ದಳು.

ಪಿತೃಪಕ್ಷದ ಒಂದು ಬೆಳಿಗ್ಗೆ, ಪಾಳಿ ಬದಲಾಗುವಾಗ, ಸಾಹೇಬರೇ ಒಂದು ಕಾಯಿ ಹಿಡಿದು ಬಂದರು. ಶ್ರಾದ್ಧದ ದಿನಗಳಲ್ಲಿ ಇದೇನು ಎಂದು ಎಲ್ಲರಿಗೂ ಆಶ್ಚರ್ಯ. ಅವರು ಟೋಪಿ ತೆಗೆದು ಬಂಬಿನ ಮೇಲಿಟ್ಟರು.

"ಇದು ಹಳೇ ಕಾಯಿ" ಎಂದರು. "ಹೊಸದಾಗಿ ಸೇರಿದಾಗಿಂದು. ಪಾಳುಬಾವ್ಯಾಗ ನಾಯಿ ಬಿದ್ದಿತ್ತು. ನಾ ಒಬ್ಬ ಜವಾನನ ಸೊಂಟಕ್ಕ ಹಗ್ಗಾ ಕಟ್ಟಿ ಇಳಿಸಿದೆ. ಮೊದಲ ಕಂದೀಲು ಬಿಟ್ಟು ಒಳಗ ಗಾಳಿ ಹೆಂಗದ ನೋಡಬೇಕಿತ್ತು. ಜನಾ ನಿಂತಿದ್ರು, ಹೆದರ್ಯಾನ ಅಂತಾರ ಅನಕೊಂಡು ನೋಡಲಿಲ್ಲ. ಅರ್ಧಕ್ಕ ಅವನ ಕತ್ತು ವಾಲಿತು. ಹಗ್ಗಾ ಬಿಗಿ ಇತ್ತು ಅಂತ ಮ್ಯಾಲೆ ಬಂದ. ನಾ ಕಾಯಿ ಒಡದು ಕೊಬ್ಬರಿ ಹಂಚಿದೆ, ಯಾರಿಗೂ ಹೇಳಲಿಲ್ಲ. ಇವತ್ತು ಹೇಳೀನಿ, ಮ್ಯಾಲಿನ ಕಚೇರಿಗೂ ಹೇಳಿ ಬಂದೀನಿ. ಮೆಮೊ ಕೊಡೂದಿದ್ರ ಮೊದಲ ನನಗ ಕೊಡ್ರಿ ಅಂತ."

ಆಮೇಲೆ ಅವರು ಹೇಳಿದ ಮಾತು ನಮ್ಮ ಸ್ಟೇಷನ್ನಿನಲ್ಲಿ ಅವರು ನಿವೃತ್ತಿ ಆದ ಮೇಲೂ ನಡೆಯಿತು. "ಈ ಕಟ್ಟಿ ಮ್ಯಾಲೆ ಹೇಳಿದ್ದಕ್ಕ ಮೆಮೊ ಇಲ್ಲ. ಹೇಳದ ಒಡದ ಕಾಯಿಗೆ ನಾ ಮೆಮೊ ಕೊಡ್ತೀನಿ."

ಆಮೇಲೆ ಒಬ್ಬ ಅಂಗಿಯ ತೋಳು ಮೇಲಕ್ಕೆ ಸರಿಸಿ ಸುಟ್ಟ ಕೈ ತೋರಿಸಿದ. ಲೋಹದ ಬಾಗಿಲನ್ನು ಅಂಗೈಯಿಂದ ಮುಟ್ಟಿ ನೋಡಿದ್ದನಂತೆ, ಚರ್ಮ ಅಲ್ಲೇ ಅಂಟಿಕೊಂಡಿತಂತೆ. ಇನ್ನೊಬ್ಬ ಮಾರುತಿ ಗುಡಿಯ ಕಾಯಿಯ ವಿಷಯ ಹೇಳಿದ. ಆ ಬೆಳಿಗ್ಗೆ ಮನೆಗೆ ಹೋಗಬೇಕಾದ ಪಾಳಿಯವರು ಹೋಗಲಿಲ್ಲ. ಚಹಾ ಆರಿ ಹೋಯಿತು. ಇಷ್ಟು ವರ್ಷ ಒಂದೇ ಪಂಕ್ತಿಯಲ್ಲಿ ಉಂಡವರು, ಒಬ್ಬರ ಸಾವು ಒಬ್ಬರಿಗೆ ತಿಳಿಯದ ಹಾಗೆ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದೆವು.

ಮಳೆ ಹೋಗುವ ಮೊದಲು ಇನ್ನೊಂದು ಸಲ ಜೋರು ಹಿಡಿಯಿತು, ನವರಾತ್ರಿಯ ಹೊತ್ತಿಗೆ. ಮತ್ತೆ ವಾಡೆ, ಮತ್ತೆ ಬೆಂಕಿ. ದೊಡ್ಡದೆಂದು ಎರಡು ಸ್ಟೇಷನ್ನಿನ ಬಂಬ್ ಕರೆಸಿದ್ದರು. ಆಚೆಯ ಸ್ಟೇಷನ್ನಿನ ಬಂಬಿನಿಂದ ಕಿಸನ್ ಇಳಿದ. ನನ್ನನ್ನು ನೋಡಿ, ಪೈಪು ಹೆಗಲಿಗೇರಿಸಿ ಒಳಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಬೆಂಕಿ ಆರಿತು. ಅವನು ಒಳಗಿನ ಪಡಸಾಲೆಯಲ್ಲಿ ಗೋಡೆಯ ಬುಡಕ್ಕೆ ಕೂತು ಹೊಗೆಯಾಡುತ್ತಿದ್ದ ತೊಲೆಗೆ ನೀರು ಬಿಡುತ್ತಿದ್ದ. ಅವನ ಸ್ಟೇಷನ್ನಿನ ಜನ ಅವನ ಹಿಂದೆ, ನಮ್ಮವರು ಬಾಗಿಲ ಹತ್ತಿರ.

"ಮಣ್ಣು!"

ಕಿಸನ್ ಕೂಗಿದ ಕೂಗು ಅದು. ಮಾತು ಕಮ್ಮಿಯವನ ಎದೆಯಲ್ಲಿ ಅಷ್ಟು ದೊಡ್ಡ ದನಿ ಇತ್ತು. ಮೇಲೆ ನೋಡಲಿಲ್ಲ, ಕತ್ತು ಕೊಡವಲಿಲ್ಲ. ಪೈಪು ಅಲ್ಲೇ ಬಿಟ್ಟು ಎದ್ದ. ನಾವಂತೂ ಸರಿ, ಅವನ ಸ್ಟೇಷನ್ನಿನವರೂ ಯಾಕೆ ಏನು ಎಂದು ಕೇಳದೆ ಕೈಯಲ್ಲಿದ್ದದ್ದನ್ನು ಬಿಸಾಕಿ ಓಡಿದರು. ಅಂಗಳ ದಾಟಿ ರಸ್ತೆಗೆ ಬಂದು ತಿರುಗಿ ನೋಡಿದೆವು. ಗೋಡೆ ಇತ್ತು. ಒಬ್ಬ ನಗಲು ಶುರುಮಾಡಿದ. ಅವನ ನಗೆ ಮುಗಿಯುವ ಮೊದಲೇ ಅದು ಜೋಳದ ಚೀಲದಂತೆ ಇದ್ದಲ್ಲೇ ಇಳಿಯಿತು. ಕೆಳಗೆ ಪೈಪು ಒಂದೇ ಇತ್ತು. ಮಣ್ಣಿನೊಳಗಿಂದ ಅದು ಇನ್ನೂ ನೀರು ಉಗುಳುತ್ತಿತ್ತು.

ಆಗ ನನಗೆ ತಿಳಿಯಿತು. ಹೇಳಿದ್ದಕ್ಕೆ ಸ್ಟೇಷನ್ ಬಿಟ್ಟು ಹೋದವನು, ಹೋದಲ್ಲಿ ಮತ್ತೆ ಹೇಳಿದ್ದ. ಮೊದಲ ದಿನವೇ ಹೇಳಿದ್ದನಂತೆ, ಗುರುತಿಲ್ಲದ ಜನರ ಮುಂದೆ, ಮೆಮೊದ ಮಸಿ ಆರುವ ಮೊದಲೇ. ನಾನು ಅವನನ್ನು ಅಪ್ಪಿಕೊಂಡೆ. ಅವನ ಕತ್ತಿನ ಮೇಲೆ ಇನ್ನೂ ಆ ಮಣ್ಣಿತ್ತು, ಹಿಟ್ಟಿನಂಥದ್ದು. ನನ್ನ ಕೈಗೂ ಹತ್ತಿತು.

ಮರುದಿನ ಕಟ್ಟೆಯ ಮೇಲೆ ಹೇಳಿ, ಕಾಯಿ ಒಡೆದು, ಒಂದು ಚೂರು ಶಾಂತಾ ವೈನಿಗೆ ಒಯ್ದೆ. ಅವರು ಬಾಗಿಲಲ್ಲಿ ನಿಂತರು.

"ಎಲ್ಲಾರೂ ಮನಿಗೆ ಹ್ವಾದ್ರೇನು?"

"ಎಲ್ಲಾರೂ, ವೈನಿ. ಎರಡೂ ಸ್ಟೇಷನ್ನಿನವ್ರು."

ಅವರು ಚೂರನ್ನು ಬಾಯಿಗೆ ಹಾಕಿಕೊಂಡರು. ಅಗಿದು ನುಂಗಿದರು. ಗೋಡೆಗೆ ಒರಗಿ ಅಲ್ಲೇ ಕೂತರು, ದತ್ತೂ ಹೋದ ಮೇಲೆ ಮೊದಲ ಸಲ ನಮ್ಮೆದುರು ದನಿ ತೆಗೆದು ಅತ್ತರು. ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಆ ದಿನ ರೊಟ್ಟಿ ಸಪ್ಪಳ ಮಾಡಿ ಬಡಿದಳು.

ಇಷ್ಟು ಆ ಮಳೆಗಾಲ. ಈಗ ಹೊಸ್ತಿಲಿಗೆ ಬರುತ್ತೇನೆ, ನನ್ನ ಮಗನನ್ನು ಬಹಳ ಹೊತ್ತು ನಿಲ್ಲಿಸಿದ್ದೇನೆ.

"ಹೇಳ್ತೀನಿ, ಮೌಶಿ" ಎಂದ ಮಲ್ಲು, ಶಾಂತಾ ವೈನಿಯನ್ನು ಅವನು ಹಾಗೆ, ಚಿಕ್ಕಮ್ಮ ಎಂದು, ಕರೆಯುತ್ತಾನೆ. ಗೋಡೆಗೆ ಕೈ ಕೊಟ್ಟು ನಿಂತ. "ಕಟ್ಟಾಕ ಹತ್ತಿದ ಟಾವರ್. ಮ್ಯಾಲಿನ ಅಂತಸ್ತಿನಾಗ ನಮ್ಮ ಯಾದಗಿರಿ ಕಡೆ ಕೂಲಿ ಜನಾ ಮಲಗಿದ್ರು, ಪ್ಲೈವುಡ್ಡಿಗೆ ಬೆಂಕಿ. ಹೊಗಿಯಾಗ ನನ್ನ ಕೈ ನನಗ ಕಾಣವಲ್ದು. ಒಳಗಿಂದ ಯಾರೋ 'ಯಪ್ಪಾ, ಯಪ್ಪಾ' ಅಂತ ಕೂಗತಿದ್ರು. ಕನ್ನಡ ಕೇಳಿ ನನಗ ಓಡಿ ಹೋಗಬೇಕನಿಸ್ತು."

"ಓಡಿದಿ?"

"ಇಲ್ಲ. ಹೊಗಿಯಾಗ ನಿಂತು ನಡೀಬ್ಯಾಡ್ರಿ, ಲಿಫ್ಟಿನ ತೂತಿಗೆ ಕಾಲಿಟ್ಟು ಸ್ವಲ್ಪದಾಗ ಉಳದೆ ಅಂತ ಇನ್ನೊಂದ ಸ್ಟೇಷನ್ನಿನವ ಬಂದು ಹೇಳಿದ್ದ. ಅದಕ್ಕ ಹೊಟ್ಟಿ ಮ್ಯಾಲೆ ಸರದೆ. ಮುಂದ ನೆಲಾ ಇತ್ತು ಮೌಶಿ, ಗಟ್ಟಿ ನೆಲಾನ ಅನಿಸ್ತು. ಕೈ ಊರಿದೆ, ಮುರೀತು. ತೂತಿನ ಮ್ಯಾಲೆ ಪ್ಲೈವುಡ್ ಮುಚ್ಚಿದ್ರು, ಅದು ಕೆಳಗಿಂದ ಸುಟ್ಟಿತ್ತು. ಕೈ ಭುಜದ ತನಾ ಕೆಳಗ ಹೋತು. ಕೆಳಗ ಏನೂ ಇಲ್ಲ, ಬರೇ ಗಾಳಿ."

ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ಆ ಕೂಗಿದವ್ರು?" ಎಂದು ನಾನು ಕೇಳಿದೆ.

"ಸುತ್ತು ಹಾಕಿ ಹೋಗಿ ತಂದ್ವಿ ಅಪ್ಪಾ. ತಾಯಿ, ಮಗಳು. ಅರಾಮ ಅದಾರ."

ಶಾಂತಾ ವೈನಿ ಕೊನೆಯ ಪ್ರಶ್ನೆ ಕೇಳಿದರು, "ಪಾಳಿಯವ್ರಿಗೆ ಹೇಳಿದ್ಯೇನು, ಮುಚ್ಚಿದ ತೂತಿಂದು?"

"ಹೇಳಿ, ಅಲ್ಲೊಂದು ಕಾಯಿ ಒಡದ ಬಂದೀನಿ. ಅದಕ್ಕ ತಡಾ ಆತು. ಉಳದ ಸ್ಟೇಷನ್ನಿಗೂ ಫೋನ್ ಮಾಡ್ಯಾರ. ಇದು ನಿಮ್ಮ ಕೈಲೆ ಒಡಸೂಣಂತ ತಂದೆ."

ವೈನಿ ಕಾಯಿಯನ್ನು ಹೊಸ್ತಿಲ ಕಲ್ಲಿಗೆ ಒಂದೇ ಏಟು 'ಠಪ್' ಎನಿಸಿದರು. ನೀರು ಮಲ್ಲುವಿನ ಕಾಲ ಮೇಲೆ ಬಿತ್ತು. ಆಮೇಲೆ ಒಳಗೆ ಹೋಗಿ ಕೂಸನ್ನು ಎತ್ತಿ ತಂದು, ಮಸಿ ಮೆತ್ತಿದ ಅಂಗಿಯ ಮೇಲೆಯೇ ಕೊಟ್ಟರು. ಆ ವಾಸನೆಗೆ ನನ್ನ ಮೊಮ್ಮಗಳು ಒಂದು ಸೀನು ಸೀನಿದಳು, ಅಪ್ಪನ ಬೆರಳು ಹಿಡಿದುಕೊಂಡಳು. "ನೋಡು ನೀಲವ್ವಾ, ಹಿಡದ್ಲು! ಬಿಡವಲ್ಲಳು!" ಎಂದು ನಾನು ಇಡೀ ಓಣಿಗೆ ಕೇಳುವ ಹಾಗೆ ಕೂಗಿದೆನಂತೆ.

ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಿದರು. ಸುತ್ತ ನಿಂತವರು ಅಕ್ಕಿಕಾಳು ಎರಚಿದರು. ಹಿಂದಿನವರು ಎರಚಿದ್ದು ಸೀದಾ ನನ್ನ ಕತ್ತಿನ ಮೇಲೆ ಬಿತ್ತು, ಜರ್ರನೆ. ನನ್ನ ಕೈ ತಾನಾಗಿ ಕತ್ತಿಗೆ ಹೋಯಿತು, ತಲೆ ತಾನಾಗಿ ಮೇಲಕ್ಕೆ ಎದ್ದಿತು. ಮೇಲೆ ಸಿಮೆಂಟಿನ ಮಾಳಿಗೆ, ತಿರುಗುವ ಫ್ಯಾನು. ಏನೂ ಇಲ್ಲ. ತಲೆ ಇಳಿಸಿ ನೋಡಿದರೆ, ತೊಟ್ಟಿಲ ಆಚೆ ಶಾಂತಾ ವೈನಿ ಕೂಸಿನ ಮೇಲೆ ಬಗ್ಗಿ, ಎರಡೂ ಕೈ ಅಡ್ಡ ಹಿಡಿದು, ಅದೇ ಮಾಳಿಗೆ ನೋಡುತ್ತಿದ್ದರು.